ಎಮ್ಮೆ ತಿಂದ ರೊಟ್ಟಿ

ನಾನು ಬಡಿದ ಸಜ್ಜಿ ರೊಟ್ಟಿಯನ್ನು ಶಾಂತಕ್ಕನ ಎಮ್ಮೆ ತಿನ್ನುತ್ತಿತ್ತು. ಕಣ್ಣಾರೆ ಕಂಡೆ.

(ಶಾಂತಕ್ಕ ಅನ್ನೋದು ನಾನಿಟ್ಟ ಹೆಸರು. ಅವರೂ ಈ ಅಂಕಣ ಓದುತ್ತಾರೆ.)

ಮೊನ್ನೆ ರೊಟ್ಟಿ ಹಬ್ಬ. ಪಂಚಮಿಗೆ ಮುಂಚೆ ನಮ್ಮ ಬನಹಟ್ಟಿಯಲ್ಲಿ ಮನೆಮನೆಗೆ ರೊಟ್ಟಿ ಹಂಚುತ್ತೇವೆ. ನಮ್ಮಿಬ್ಬರ ಹಿತ್ತಲ ನಡುವೆ ಸೊಂಟದೆತ್ತರದ ಗೋಡೆ. ತಾಟುಗಳ ಓಡಾಟವೆಲ್ಲ ಅದರ ಮೇಲೆಯೇ. ಈ ಸಲ ಅವರ ತಾಟಿನ ಜತೆ ಒಂದು ಮಾತೂ ಬಂತು.

"ನೀವೇನೂ ಮಾಡಾಕ ಹೋಗಬ್ಯಾಡ್ರಿ ಅಕ್ಕೋರ, ಆರಾಮ ಇರ್ರಿ." (ಕೆಲಸ ಬಿಟ್ಟರೂ ಓಣಿಗೆ ನಾನು ಸಾಲಿ ಅಕ್ಕೋರೇ.)

ಸ್ತನ ಕ್ಯಾನ್ಸರ್ ಬಂದ ಮೇಲೆ ಎಲ್ಲರದೂ ಇದೇ ಮಾತು. ಕೊಡುವವರು ಬೇಕಾದಷ್ಟು. ನನ್ನ ಕೈಯಿಂದ ತೆಗೆದುಕೊಳ್ಳುವವರು? ಹಟ ಬಂತು. ಕೀಮೋದಿಂದ ಜೋಮು ಹಿಡಿದ ಬೆರಳಲ್ಲೇ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಗೋಡೆ ದಾಟಿಸಿದೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದರೆ, ಎಮ್ಮೆಯ ಊಟ!

ಶಾಂತಕ್ಕ ತಬ್ಬಿಬ್ಬಾದರು. "ತಪ್ಪ ತಿಳೀಬ್ಯಾಡ್ರಿ. ಮನ್ಯಾಗ ಹೆಣ್ಮಕ್ಕಳು ಅದಾರ. ಎಲ್ಲಿ ಹತ್ತತೈತೋ ಅಂತ ಅಂಜಿಕಿ."

ಕ್ಯಾನ್ಸರ್ ಅಂಟುತ್ತದಾ? ಬೆಳಗಾವಿಯ ಡಾಕ್ಟರು ಹೇಳಿದ್ದೇ ಬೇರೆ. ಹರ್-ಟು ಅಂತ ಒಂದು ಪ್ರೋಟೀನ್. ಎಲ್ಲರ ಮೈಯಲ್ಲೂ ಇರುತ್ತದಂತೆ, ನನ್ನ ಗಡ್ಡೆಯಲ್ಲಿ ಅತಿಯಾಗಿದೆ. "ಒಂದ ಇದ್ರ ಅಷ್ಟು ತ್ರಾಸ ಇಲ್ರಿ. ಬಾಜೂಕಿನ ಪ್ರೋಟೀನ್ ಜೋಡಿ ಕೂಡತಂದ್ರ 'ಬೆಳಿ' ಅಂತ ಜೀವಕೋಶಕ್ಕ ಸುದ್ದಿ ಮುಟ್ಟಸತಾವು. ಈ ಇಂಜೆಕ್ಷನ್ ಅವು ಕೂಡದಂಗ ಅಡ್ಡ ನಿಂದರತೈತಿ."

ಎಲ್ಲ ನನ್ನ ಮೈಯೊಳಗಿನ ವ್ಯವಹಾರ. ರೊಟ್ಟಿಗೆ ಅಂಟಿಕೊಂಡು ಗೋಡೆ ಹಾರುವಂಥದ್ದಲ್ಲ. ಒಳಗೆ ಅವು ಒಂದಕ್ಕೊಂದು ಸೇರಬಾರದು, ಒಪ್ಪಿದೆ. ಹೊರಗೆ ನನಗೂ ಅದೇ ಚಿಕಿತ್ಸೆಯಾ?

ಇದನ್ನೆಲ್ಲ ಅವರಿಗೆ ಹೇಳಬೇಕಿತ್ತು. ಬಟ್ಟೆ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಜೋರಾಗಿ ಅತ್ತುಬಿಟ್ಟೆ. ಓಣಿ ತುಂಬ ಪವರ್‌ಲೂಮಿನ ಖಟಖಟ, ಯಾರಿಗೆ ಕೇಳಿಸಬೇಕು? ಅವರು ಕೊಟ್ಟ ರೊಟ್ಟಿ ಒಬ್ಬಳೇ ಕೂತು ತಿಂದೆ. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಕಪ್ಪು-ಬಸಿಗಳ ಸದ್ದು, ನಗು. ಹಾಲು ಅದೇ ಎಮ್ಮೆಯದು. ಮನೆಮಂದಿಯೆಲ್ಲ ಚಹಾ ಕುಡಿದರು.

ನನ್ನ ರೊಟ್ಟಿ ತಿಂದ ಎಮ್ಮೆಯ ಹಾಲು ಕುಡಿದೂ ಎಲ್ಲರೂ ಆರಾಮಿದ್ದೀರಲ್ಲ ಶಾಂತಕ್ಕ, ನಮ್ಮನೆ ಚಹಾಕ್ಕೆ ಯಾವಾಗ ಬರ್ತೀರಿ?