ಮೀಟರಕ್ಕ ಕೂತ ದಿನ

ನನ್ನ ಚಿಕ್ಕಮ್ಮನನ್ನು ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಮೀಟರಕ್ಕ ಎಂದೇ ಕರೆಯುತ್ತಿದ್ದರು. ಥಾನಿನಿಂದ ಬಟ್ಟೆ ಎಳೆದು ಕೈ ಚಾಚಿ ಹಿಡಿದರೆ ಅದು ಸರಿಯಾಗಿ ಒಂದು ಮೀಟರು. ಅನುಮಾನದಿಂದ ಅಳತೆಗೋಲು ಇಟ್ಟು ನೋಡಿದವರೆಲ್ಲ ಪೆಚ್ಚಾಗಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಅದೇ ಕೌಂಟರಿನಲ್ಲಿ ಶರ್ಟು, ಪ್ಯಾಂಟಿನ ಬಟ್ಟೆ ಮಾರುತ್ತಿದ್ದಳು. ಮಾತು ಕಡಿಮೆ, ನಗು ಜಾಸ್ತಿ. ನನಗೋ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಈಗ ಹೇಳಹೊರಟ ವಿಷಯದಲ್ಲಿ ನಾನು ಕೊಟ್ಟ ಸಲಹೆಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದವು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಂಗಡಿಯಲ್ಲಿ ಕೆಲಸಕ್ಕೆ ಹನ್ನೊಂದು ಜನ ಹೆಂಗಸರು. ಕೌಂಟರಿನ ಆಚೆ ಗಿರಾಕಿಗಳಿಗೆ ಮೆತ್ತನೆಯ ಸ್ಟೂಲುಗಳು, ಈಚೆ ಇವರಿಗೆ ಬರೀ ನೆಲ. ಬೆಳಿಗ್ಗೆ ಹತ್ತಕ್ಕೆ ನಿಂತರೆ ಊಟದ ಅರ್ಧ ಗಂಟೆ ಬಿಟ್ಟು ಸಂಜೆ ಏಳರವರೆಗೂ ನಿಂತೇ ಇರಬೇಕು. ಗಿರಾಕಿ ಇಲ್ಲದೆ ನೊಣ ಹೊಡೆಯುವ ಹೊತ್ತಿನಲ್ಲೂ ಕೂರುವಂತಿಲ್ಲ. “ಕೂತ್ರೆ ಕೆಲಸ ಇಲ್ಲ ಅಂತ ಅರ್ಥ. ಕೆಲಸ ಇಲ್ದೋರು ಮನೇಲಿ ಕೂರಬಹುದು” ಎನ್ನುವರು ಯಜಮಾನರು. ಕೆಟ್ಟ ಮನುಷ್ಯರೇನಲ್ಲ. ಯಾರ ಮಗುವಿಗೆ ಜ್ವರ ಬಂದರೂ ರಜೆ ಕೊಟ್ಟು, ಮಾರನೇ ದಿನ ಮರೆಯದೆ ವಿಚಾರಿಸುವರು. ಅವರಪ್ಪ ಹಾಕಿದ ಗೆರೆ ಅದು, ದಾಟಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಹನ್ನೊಂದು ಹೆಂಗಸರ ಹತ್ತಿರವೂ ಎರಡೆರಡು ಜೊತೆ ಚಪ್ಪಲಿ ಇದ್ದವು. ಬರುವಾಗ ತಮ್ಮ ಅಳತೆಯದು, ಹೋಗುವಾಗ ಒಂದು ಸೈಜು ದೊಡ್ಡದು. ಸಂಜೆಯ ಹೊತ್ತಿಗೆ ಕಾಲು ಬೆಳಗಿನ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಪರದೆ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಎರಡು ಮಕ್ಕಳ ತಾಯಿಯೊಬ್ಬಳು ಆರು ತಿಂಗಳಾಗುತ್ತಲೇ ದೊಡ್ಡ ಚಪ್ಪಲಿ ತಂದಿಟ್ಟುಕೊಂಡಾಗ, ಉಳಿದವರೆಲ್ಲ “ಈಗ ನೀನು ನಮ್ಮೋಳಾದೆ” ಎಂದು ನಕ್ಕರಂತೆ. ಚಿಕ್ಕಮ್ಮನಿಗೆ ನಗು ಬರಲಿಲ್ಲ. ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, “ನಾವು ಇದನ್ನೂ ಒಂದು ಸಂಭ್ರಮ ಮಾಡ್ಕೊಂಡ್ಬಿಟ್ಟಿದೀವಲ್ಲೇ” ಎಂದಳು.

ನಾನು ಕೆಂಡವಾದೆ. “ಒಂದು ದಿನ ಎಲ್ಲಾರೂ ಸೇರಿ ಆ ಶೋಕೇಸಿನ ಗಾಜು ಪುಡಿ ಮಾಡಿ, ಆಗ ಬುದ್ಧಿ ಬರತ್ತೆ” ಎಂದೆ.

“ಪುಡಿ ಮಾಡಿದ್ರೆ ಗುಡಿಸೋರು ಯಾರು? ನಾವೇ ತಾನೇ?” ಎಂದು ಟವೆಲಿನಿಂದ ಕಾಲು ಒರೆಸಿಕೊಂಡಳು.

ಮಾರನೇ ದಿನ ಯಜಮಾನರ ಬಳಿ ಹೋಗಿ, ಗಿರಾಕಿ ಇಲ್ಲದಾಗ ಕೂರಲು ಹನ್ನೊಂದು ಸ್ಟೂಲು ಬೇಕೆಂದು ಕೇಳಿದಳು. ಅವರು ತಲೆ ಕೆರೆದುಕೊಂಡರು. ಎರಡು ದಿನ ಬಿಟ್ಟು ಒಂದು ಕುರ್ಚಿ ತರಿಸಿದರು. ಬೆನ್ನಿಗೆ ಒರಗು, ಕೂರಲು ದಿಂಬು, ಎಲ್ಲ ಇದ್ದ ಒಳ್ಳೇ ಕುರ್ಚಿ. “ನೀವು ಹಳಬರು, ನೀವು ಕೂತ್ಕೊಳ್ಳಿ. ಎಲ್ಲರಿಗೂ ಅಂದ್ರೆ ಆಗಲ್ಲ” ಎಂದರು.

ಚಿಕ್ಕಮ್ಮ ಕುರ್ಚಿಯನ್ನು ಒರೆಸಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಳು. “ದೊಡ್ಡ ಮನಸ್ಸು ಮಾಡಿದ್ರಿ ಯಜಮಾನ್ರೇ. ಇನ್ನೂ ಹತ್ತು ಬರಲಿ, ಆಮೇಲೆ ಕೂರ್ತೀನಿ” ಎಂದು ನಿಂತೇ ಇದ್ದಳು.

ನಿಂತಳು ಎಂದರೆ ಒಂದು ದಿನವಲ್ಲ, ಐದು ವಾರ. ಮೊಣಕಾಲಿನ ಹಿಂದೆ ನರ ಗಂಟುಕಟ್ಟಿಕೊಂಡ ಹೆಂಗಸು, ಗೇಣು ದೂರದಲ್ಲಿ ಕುರ್ಚಿ. ಬೆಡ್‌ಶೀಟಿನ ವಿಭಾಗದ ಹೆಂಗಸು ಮುಖಕ್ಕೇ ಹೇಳಿದಳು, “ಕೊಟ್ಟಿದ್ದನ್ನ ತಗೊಳ್ಳೋಕೆ ಏನು ದಾಡಿ? ಇರೋ ಕೆಲಸಕ್ಕೂ ಕಲ್ಲು ಹಾಕ್ತೀಯ ನೀನು.” ಆ ಭಯ ಸುಳ್ಳೂ ಅಲ್ಲ. ಕೆಲಸ ಹೋದರೆ ಹನ್ನೊಂದು ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತಿತ್ತು. ಇನ್ನೊಬ್ಬಳು, ಹಾಗಾದರೆ ಕೆಲಸವನ್ನಾದರೂ ನಿಧಾನ ಮಾಡೋಣ ಎಂದಾಗ ಚಿಕ್ಕಮ್ಮ ಒಪ್ಪಲಿಲ್ಲ. ಕತ್ತರಿ ಒಂದು ಎಳೆಯೂ ಸೊಟ್ಟ ಹೋಗಬಾರದು, ಗಿರಾಕಿಗೆ ನಗುಮುಖ ತಪ್ಪಬಾರದು. ಬೇರೆ ಯಾವ ತಪ್ಪೂ ಸಿಗದಂತಿದ್ದರೆ ಮಾತ್ರ ಈ ನಿಲ್ಲುವುದೊಂದು ಯಜಮಾನರ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವಳ ಲೆಕ್ಕ. ಬೆಡ್‌ಶೀಟಿನವಳು ಗೊಣಗಿಕೊಂಡೇ ಸುಮ್ಮನಾದಳು.

ಖಾಲಿ ಕುರ್ಚಿ ಗಿರಾಕಿಗಳ ಕಣ್ಣಿಗೂ ಬಿತ್ತು. “ನೀವ್ಯಾಕೆ ಕೂರಲ್ಲ?” ಎಂದು ಕೇಳಿದರೆ ಅವಳು, “ಉಳಿದೋರಿಗೆ ಇಲ್ವಲ್ಲ” ಎಂದಷ್ಟೇ ಹೇಳಿ ಬಟ್ಟೆ ಬಿಡಿಸುತ್ತಿದ್ದಳು. ಕೇಳದವರಿಗೆ ಅದನ್ನೂ ಹೇಳುತ್ತಿರಲಿಲ್ಲ. ಕೆಲವರು ಪಾಪ ಎಂದರು, ಕೆಲವರು ಹುಚ್ಚು ಎಂದರು. ನಾನು ಎರಡನೇ ಗುಂಪಿನಲ್ಲಿದ್ದೆ. ಕುರ್ಚಿಗೆ ಗೆದ್ದಲು ಹಿಡಿದರೂ ಆ ಯಜಮಾನ ಕರಗುವುದಿಲ್ಲ ಎಂದು ದಿನಾ ಅವಳ ತಲೆ ತಿನ್ನುತ್ತಿದ್ದೆ.

ಆರನೇ ವಾರ ಟೀಚರ್ ಬಂದರು. ಊರಿನ ಹಳೇ ಶಾಲೆಯ ಟೀಚರ್, ಮಕ್ಕಳ ಸಮವಸ್ತ್ರಕ್ಕೆ ಬಟ್ಟೆ ಆರಿಸಲು ಪ್ರತಿ ವರ್ಷ ಬರುವವರು. ಯಜಮಾನರಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದ್ದೂ ಅವರೇ. ಬಂದವರು ಕುರ್ಚಿ ನೋಡಿದರು, ಕೇಳಿದರು, ಎಂದಿನ ಉತ್ತರವೇ ಸಿಕ್ಕಿತು. ಕೂತಿದ್ದ ಸ್ಟೂಲಿನಿಂದ ಮೆಲ್ಲಗೆ ಎದ್ದರು.

ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದರು. “ಟೀಚರ್, ಕೂತ್ಕೊಳ್ಳಿ ಟೀಚರ್!”

“ಇರಲಪ್ಪ. ಇವರೆಲ್ಲ ನಿಂತ್ಕೊಂಡು ತೋರಿಸ್ತಿದಾರೆ, ನಾನೂ ನಿಂತ್ಕೊಂಡೇ ನೋಡ್ತೀನಿ. ನೀನು ಹೋಗಿ ಕೂತ್ಕೋ.”

ಟೀಚರ್ ನಿಂತಿರುವಾಗ ಕೂರುವುದುಂಟೇ? ಯಜಮಾನರು ಕೈ ಕಟ್ಟಿ ನಿಂತರು. ಟೀಚರೋ, ಅಳೆದೂ ತೂಗೀ ಕೊಳ್ಳುವವರು. ಒಂದೊಂದು ಥಾನನ್ನೂ ಬೆಳಕಿಗೆ ಹಿಡಿದರು, ಚೂರು ನೆನೆಸಿ ಬಣ್ಣ ಬಿಡುತ್ತದೋ ಎಂದು ನೋಡಿದರು, ಒಣಗಲಿ ಎಂದು ಕಾದರು. ಒಂದು ಗಂಟೆ ಕಳೆದಾಗ ಯಜಮಾನರು ಎಡಗಾಲಿನಿಂದ ಬಲಗಾಲಿಗೆ ಬದಲಾಯಿಸಿದರು. ಎರಡು ಗಂಟೆ ಕಳೆದಾಗ ಕೌಂಟರಿಗೆ ಒರಗಿದರು. ಮೂರು ಗಂಟೆಯಾಗುವಾಗ ಅವರ ಹಣೆಯಲ್ಲಿ ಬೆವರು. ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ನಾನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಆಗ ಚಿಕ್ಕಮ್ಮ ಮಾಡಿದ್ದನ್ನು ಪರದೆ ವಿಭಾಗದವಳು ಇವತ್ತಿಗೂ ಹೇಳುತ್ತಾಳೆ. ಚಿಕ್ಕಮ್ಮ ಆ ಕುರ್ಚಿಯನ್ನು ಎತ್ತಿ ತಂದು ಯಜಮಾನರ ಹಿಂದೆ ಇಟ್ಟಳು. “ಕೂತ್ಕೊಳ್ಳಿ ಯಜಮಾನ್ರೇ. ಅಭ್ಯಾಸ ಇಲ್ಲದೋರಿಗೆ ಬಹಳ ನೋವಾಗತ್ತೆ” ಎಂದಳು. ದನಿಯಲ್ಲಿ ಕುಹಕದ ಸುಳಿವೂ ಇರಲಿಲ್ಲ. ಯಜಮಾನರು ಕುರ್ಚಿ ನೋಡಿದರು, ಅವಳ ಕಾಲು ನೋಡಿದರು, ತಲೆ ತಗ್ಗಿಸಿದರು. ಕೂರಲಿಲ್ಲ.

ಸೋಮವಾರ ಹತ್ತು ಸ್ಟೂಲು ಬಂದವು.

“ಟೀಚರ್ ಬಂದದ್ದು ನಿನ್ನ ಪುಣ್ಯ” ಎಂದೆ ನಾನು.

“ಪುಣ್ಯ ಎಲ್ಲಿಂದ ಬಂತು? ಅವರು ಬರೋ ತಿಂಗಳು ಲೆಕ್ಕ ಹಾಕ್ಕೊಂಡೇ ನಾನು ಕೇಳೋಕೆ ಹೋಗಿದ್ದು” ಎಂದಳು ಕಳ್ಳಿ. ಇಷ್ಟು ವರ್ಷ ಅವಳನ್ನು ಪಾಪದವಳು ಎಂದುಕೊಂಡಿದ್ದೆನಲ್ಲ!

ಆದರೆ ಸ್ಟೂಲು ಬಂದ ಮೊದಲ ದಿನ ಯಾರಿಗೂ ಸರಿಯಾಗಿ ಕೂರಲು ಬರಲಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನ ಎಲ್ಲರೂ ಅಂಚಿನಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಯಜಮಾನರ ಕೆಮ್ಮು ಕೇಳಿತು. ಹನ್ನೊಂದು ಜನಕ್ಕೂ ಒಟ್ಟಿಗೇ ಎದ್ದುಬಿಡುವ ಹಾಗಾಯಿತು. ಬೆಡ್‌ಶೀಟಿನವಳು ಅರ್ಧ ಎದ್ದೇಬಿಟ್ಟಿದ್ದಳು. ಎಲ್ಲರ ಕಣ್ಣೂ ಚಿಕ್ಕಮ್ಮನ ಮೇಲೆ. ಅವಳ ಕಾಲೂ ತಾನೇ ತಾನಾಗಿ ಏಳುತ್ತಿತ್ತಂತೆ. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಕೂತಲ್ಲಿಂದಲೇ, “ನಮಸ್ಕಾರ ಯಜಮಾನ್ರೇ” ಎಂದಳು.

ಯಜಮಾನರು ಬಾಗಿಲಲ್ಲೇ ನಿಂತರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಲ್ಲರನ್ನೂ ನೋಡಿದರು. “ನಮಸ್ಕಾರ ನಮಸ್ಕಾರ” ಎಂದು ಗಲ್ಲಾಪೆಟ್ಟಿಗೆ ಕಡೆಗೆ ಹೋದರು. ಬೆಡ್‌ಶೀಟಿನವಳು ಮೆಲ್ಲಗೆ ಮತ್ತೆ ಕೂತಳು, ಈ ಸಲ ಅಂಚಿನಲ್ಲಲ್ಲ.

“ಐದು ವಾರ ನಿಂತಿದ್ದು ಏನೂ ಅಲ್ಲ ಕಣೇ” ಎಂದು ಚಿಕ್ಕಮ್ಮ ಆಮೇಲೆ ನನಗೆ ಹೇಳಿದಳು, “ಆ ಒಂದು ನಿಮಿಷ ಏಳದೇ ಕೂತಿದ್ನಲ್ಲ, ಅದೇ ಕಷ್ಟವಾಗಿದ್ದು. ಕುರ್ಚಿ ಹಿಡ್ಕೊಂಡ ಗುರುತು ಇನ್ನೂ ಇದೆ ನೋಡು.” ಅವಳು ಕೈ ಚಾಚಿದಳು. ನಿಜವಾಗಿಯೂ ಅಂಗೈಯಲ್ಲಿ ಕುರ್ಚಿಯ ಅಂಚು ಗೆರೆಯಾಗಿ ಮೂಡಿತ್ತು. ನಾನು ಅದನ್ನು ಹಿಡಿದುಕೊಂಡೆ, ಇಬ್ಬರೂ ಜೋರಾಗಿ ನಕ್ಕುಬಿಟ್ಟೆವು.