ಹುರುಳಿ ಒಕ್ಕಿದ ಕಾರು

ಕೊಯ್ಲು ಮುಗಿಯಿತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹುರುಳಿಯನ್ನು ಗಿಡ ಸಮೇತ ತಂದು ರಸ್ತೆಗೆ ಹರವಿಬಿಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿಗಳು ಪುಕ್ಕಟೆಯಾಗಿ ಒಕ್ಕಿ ಕೊಡುತ್ತವೆ. ಬೈದರೆ ನಗುತ್ತಾರೆ. ನಾನು ಹಾಸನದಿಂದ ಹೊಳೆನರಸೀಪುರಕ್ಕೆ ಪಾಠ ಮಾಡಲು ಓಡಾಡುವವಳು. ಒಂದು ಬೆಳಿಗ್ಗೆ ಹಾಗೆ ಹರವಿದ ಹುರುಳಿಯ ಮೇಲೆ ನನ್ನ ಸ್ಕೂಟರ್ ಜಾರಿ ಮೊಣಕೈ ಮುರಿಯಿತು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಬಸ್ಸಿಗೆ ನೇತಾಡಿಕೊಂಡು ಹೋಗಿ, ದಿನಾ ತಡವಾಗಿ, ಹೆಡ್ ಮಾಸ್ತರರ ಗಂಟುಮುಖ ನೋಡುವುದಕ್ಕಿಂತ ಕೆಲಸ ಬಿಡುವುದೇ ವಾಸಿ ಅನ್ನುವಷ್ಟಕ್ಕೆ ಬಂದಿದ್ದೆ.

ಆಗ ನಮ್ಮ ಯಜಮಾನರು ಈ ಕಾರು ತಂದರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿ. ಅದರ ಮೇಲೆ ಟ್ರಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎಂಬ ಇಬ್ಬರು ಕಾವಲುಗಾರರು. ಚಕ್ರ ಸುಮ್ಮನೆ ತಿರುಗಿದರೆ ಒಬ್ಬ ಅದನ್ನು ಹದ್ದುಬಸ್ತಿನಲ್ಲಿಡುತ್ತಾನೆ, ಗಾಡಿ ಅಡ್ಡ ಹೊರಳಿದರೆ ಇನ್ನೊಬ್ಬ ತಾನೇ ಬ್ರೇಕು ಹಾಕಿ ನೆಟ್ಟಗೆ ಮಾಡುತ್ತಾನೆ. ಗೊರೂರು ದಾರಿಯ ಒಂದು ಕೆಸರು ಇಳಿಜಾರಿಗೆ ನನ್ನನ್ನು ಕರೆದುಕೊಂಡು ಹೋಗಿ ಸ್ಟೇರಿಂಗ್ ಕೈಗೆ ಕೊಟ್ಟರು. ಹಿಂಭಾಗ ಜಾರಲು ಹೊರಟಿತು, ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಗಾಡಿ ಗರ್ರ್ ಎಂದು ನೆಲ ಕಚ್ಚಿ ನೇರವಾಯಿತು. ಸ್ಪೀಡ್ ತೋರಿಸುವ ಮುಳ್ಳಿನ ಪಕ್ಕ, ಮೂಲೆಯಲ್ಲಿ ಒಂದು ಹಳದಿ ದೀಪ ಮಿಣಮಿಣ ಎಂದು ಆರಿತು.

"ನೀನು ಎಡವಟ್ಟು ಮಾಡಿದ್ರೂ ಇದು ಬುಡಲ್ಲ ಕಣೆ. ಧೈರ್ಯವಾಗಿ ಓಗು, ಏನೂ ಆಗಲ್ಲ" ಅಂದರು.

ನಾನು ಒಂದೇ ಒಂದು ಷರತ್ತು ಹಾಕಿದೆ. ಈ ಗಾಡಿಯನ್ನು ಹುರುಳಿ ಒಕ್ಕಲು ಊರಿಗೆ ಒಯ್ಯಕೂಡದು. ಅವರ ಊರು ಅರಕಲಗೂಡು ತಾಲ್ಲೂಕು, ಕೊಣನೂರಿನ ಹತ್ತಿರ. ಅಲ್ಲಿ ಚಕ್ರ ಇರುವ ಯಾವುದನ್ನೂ ಅವರ ಮನೆಯವರು ಸುಮ್ಮನೆ ಬಿಟ್ಟವರಲ್ಲ. ಹಿಂದಿದ್ದ ಹಳೇ ಜೀಪು ಹುರುಳಿ ಒಕ್ಕಿ ಒಕ್ಕಿಯೇ ಪ್ರಾಣ ಬಿಟ್ಟಿತ್ತು. ಯಜಮಾನರು ತಲೆಯಾಡಿಸಿ, ನನ್ನ ಮೊಣಕೈ ಸವರಿ, ಮಾತು ಕೊಟ್ಟರು.

ಆ ಹಳದಿ ದೀಪದ ಜೊತೆ ನನಗೆ ಸಂಬಂಧವೇ ಬೆಳೆಯಿತು. ಮಳೆಗಾಲದಲ್ಲಿ ಅದು ಮಿಣುಕಿದಾಗಲೆಲ್ಲ ಯಾರೋ ರೆಟ್ಟೆ ಹಿಡಿದು ನಿಲ್ಲಿಸಿದ ಹಾಗಾಗುತ್ತಿತ್ತು. ಚನ್ನರಾಯಪಟ್ಟಣದಲ್ಲಿರುವ ನನ್ನ ತಂಗಿಯ ಮನೆಗೆ ಒಬ್ಬಳೇ ಹೋಗಿ ಬರುವಷ್ಟು ಜೋರಾದೆ. ನಾನು ಕೆಲಸ ಬಿಡುವ ಮಾತು ಮನೆಯಲ್ಲಿ ಮತ್ತೆ ಎದ್ದಿರಲಿಲ್ಲ.

ಹುರುಳಿ ಕೊಯ್ಲಿನ ಕಾಲ ಬಂತು. ಭಾನುವಾರಗಳಲ್ಲಿ ಯಜಮಾನರಿಗೆ ಇದ್ದಕ್ಕಿದ್ದಂತೆ ತಾಯಿಯ ಮೇಲೆ ಪ್ರೀತಿ ಉಕ್ಕತೊಡಗಿತು. ಬೆಳಿಗ್ಗೆಯೇ ಕಾರು ತೆಗೆದುಕೊಂಡು ಊರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಚಕ್ರದ ಸಂದಿಯಲ್ಲಿ ಒಣ ಬಳ್ಳಿ ಸಿಕ್ಕಿಕೊಂಡಿರುವುದನ್ನು ನೋಡಿ ಕೇಳಿದೆ. ದಾರಿಯುದ್ದಕ್ಕೂ ಹರವಿದ್ದಾರೆ, ಹಾರಿಕೊಂಡು ಬರಲೇ ಅಂದರು. ಅದೂ ನಿಜವೇ ಅಲ್ಲವೇ ಅಂತ ಸುಮ್ಮನಾದೆ.

ಒಂದು ಸೋಮವಾರ ಕಾರು ಹತ್ತಿದರೆ, ಆ ದೀಪವಿರುವ ಮೂಲೆಯ ಮೇಲೆ ಹೆಬ್ಬೆಟ್ಟಿನಗಲದ ನರಸಿಂಹಸ್ವಾಮಿ ಸ್ಟಿಕ್ಕರ್ ಕೂತಿದೆ. ದೀಪ ಕಾಣುವುದಿಲ್ಲವಲ್ಲ ಅಂದೆ. ಒಬ್ಬಳೇ ಓಡಾಡುತ್ತೀಯ, ದೇವರು ಕಣ್ಣೆದುರಿಗೇ ಇರಲಿ ಅಂತ ಅಂಟಿಸಿದೆ, ಗಾಡಿ ತನ್ನ ಕೆಲಸ ತಾನು ಮಾಡುತ್ತದೆ, ನೀನು ದೀಪ ನೋಡಿ ಏನಾಗಬೇಕು ಅಂದರು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ನನಗೋಸ್ಕರ ಒಂದು ಮೊಳ ಹೂವನ್ನೂ ನೆನಪಿಟ್ಟು ತಂದವರಲ್ಲ. ಅಂದಿನಿಂದ ಕೀ ತಿರುಗಿಸುವ ಮೊದಲು ಆ ಸ್ಟಿಕ್ಕರಿಗೆ ಕೈ ಮುಗಿಯತೊಡಗಿದೆ.

ಅಕಾಲದ ಮಳೆ ಬಂದ ಒಂದು ಸಂಜೆ ಶಾಲೆಯಿಂದ ವಾಪಸ್ಸು ಬರುತ್ತಿದ್ದೆ. ಹರವಿದ್ದ ಹುರುಳಿಯನ್ನು ಅವಸರಕ್ಕೆ ಬದಿಗೆ ಎಳೆದು ಟಾರ್ಪಾಲು ಮುಚ್ಚಿದ್ದರು. ತಿರುವಿನಲ್ಲಿ ಉಳಿದ ಬಳ್ಳಿ ನೆನೆದು ಸಾಬೂನಿನಂತಾಗಿತ್ತು. ಬರೀ ಸ್ಕೂಟರಿನವಳಾಗಿದ್ದರೆ ಇಳಿದು ತಳ್ಳುತ್ತಿದ್ದೆ. ಕಾರಿನ ಧೈರ್ಯದಲ್ಲಿ ಹಾಗೇ ತಿರುಗಿಸಿದೆ. ಹಿಂಭಾಗ ಜಾರಿತು. ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಅಂತ ಕಾದೆ. ಆ ಗರ್ರ್ ಸದ್ದು ಬರಲೇ ಇಲ್ಲ. ಗಾಡಿ ಪೂರ್ತಿ ಅಡ್ಡ ತಿರುಗಿ, ಹಿಂದಿನ ಚಕ್ರ ಚರಂಡಿಗಿಳಿದು ನಿಂತಿತು. ಎದುರಿನಿಂದ ಬಂದ ಬಸ್ಸು ನನ್ನ ಬಾಗಿಲಿಗೆ ಒಂದು ಮಾರು ಉಳಿಸಿ ಬ್ರೇಕು ಹಾಕಿತು.

ಹುರುಳಿ ಕಾಯುತ್ತಿದ್ದ ಹೆಂಗಸು ಓಡಿ ಬಂದು ಗಾಜಿಗೆ ಮುಖವಿಟ್ಟು "ಏಟಾಯ್ತೇನವ್ವಾ?" ಅಂದಳು. ಇಲ್ಲ ಅಂತ ತಲೆಯಾಡಿಸಿದೆ. ರೂಢಿಯಂತೆ ಸ್ವಾಮಿಯ ಕಡೆ ನೋಡಿದೆ. ಮೋಡ ಮುಚ್ಚಿದ ಆ ಮಬ್ಬಿನಲ್ಲಿ ಸ್ಟಿಕ್ಕರಿನ ಸುತ್ತ ಹಳದಿ ಬೆಳಕಿನ ಅಂಚು ಕಾಣುತ್ತಿತ್ತು, ಪ್ರಭಾವಳಿಯ ಹಾಗೆ. ಒಂದು ಕ್ಷಣ ಮೈ ಜುಮ್ಮೆಂದಿತು, ದೇವರೇ ಕಾಪಾಡಿದ ಅಂದುಕೊಂಡೆ. ಆಮೇಲೆ ಉಗುರಿನಿಂದ ಮೂಲೆ ಎಬ್ಬಿಸಿ ಕಿತ್ತೆ. ಹಿಂದೆ ದೀಪ ಉರಿಯುತ್ತಿತ್ತು. ಮಿಣುಕುತ್ತಿರಲಿಲ್ಲ, ಒಂದೇ ಸಮನೆ ಉರಿಯುತ್ತಿತ್ತು. ಹಾಗೆ ಉರಿದರೆ ಕಾವಲುಗಾರರು ಕೆಲಸ ನಿಲ್ಲಿಸಿದ್ದಾರೆ ಅಂತ ಅರ್ಥ. ಅದನ್ನು ಕಲಿಸಿಕೊಟ್ಟವರೇ ಯಜಮಾನರು.

ಬಸ್ಸಿನಿಂದ ಇಳಿದವರು ಗಾಡಿಯನ್ನು ಚರಂಡಿಯಿಂದ ಮೇಲೆ ತಳ್ಳಿಕೊಟ್ಟರು. ಮನೆಗೆ ಬಂದು ಸ್ಟಿಕ್ಕರನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟೆ. ಮುಖ ಬಿಳಿಚಿಕೊಂಡಿತು. ಬಾಯಿ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾಲ್ಕೂ ಚಕ್ರ ಒಟ್ಟಿಗೆ ಒಕ್ಕುವುದನ್ನು ಊರವರಿಗೆ ತೋರಿಸಬೇಕಿತ್ತಂತೆ. ಬಳ್ಳಿಯ ಮೇಲೆ ಚಕ್ರ ಜಾರಿದಾಗಲೆಲ್ಲ ಕಾವಲುಗಾರ ಅಡ್ಡ ಬಂದು ಎಂಜಿನ್ ಉಸಿರು ಕಟ್ಟಿ, ಊರಲ್ಲಿರುವ ತಮ್ಮನ ಎದುರಿಗೆ ಮಾನ ಹೋಯಿತಂತೆ. ಅದಕ್ಕೆ ಬಟನ್ ಒತ್ತಿ ಕಂಟ್ರೋಲ್ ಆಫ್ ಮಾಡಿಕೊಂಡು ಗಿರಗಿರ ಸುತ್ತಿದ್ದಾರೆ, ಭಾನುವಾರ ಭಾನುವಾರ. ಬಳ್ಳಿ ಸುತ್ತಿಕೊಂಡು ಚಕ್ರ ಜಾರಿದ್ದನ್ನು ಕಾವಲುಗಾರರಿಗೆ ತಿಳಿಸುವ ವೈರು ಹರಿದಿದೆ. ದೀಪ ಹತ್ತಿದೆ. ರಿಪೇರಿಗೆ ಬಿಟ್ಟರೆ ನನಗೆ ಗೊತ್ತಾಗುತ್ತದೆ, ಒಕ್ಕಣೆ ಮುಗಿದ ಮೇಲೆ ಸದ್ದಿಲ್ಲದೆ ಸರಿಮಾಡಿಸಿದರಾಯಿತು ಅಂತ ದೇವರನ್ನು ತಂದು ಅಂಟಿಸಿದ್ದಾರೆ.

"ಲೈಟ್ ನೋಡಿದ್ರೆ ನೀನು ಎದ್ರಿಕೊಂಡು ಗಾಡೀನೇ ಮುಟ್ತಿರ್ಲಿಲ್ಲ ಕಣೆ" ಅಂದರು.

"ಹೌದು. ಮುಟ್ತಿರ್ಲಿಲ್ಲ" ಅಂದೆ. "ಅದಕ್ಕೇ ಅಲ್ವೇನ್ರೀ ಆ ಲೈಟ್ ಇಟ್ಟಿರೋದು?"

ನನಗೆ ಸಿಟ್ಟಿಗಿಂತ ಸಂಕಟವಾಯಿತು. ವೈರು ಹರಿದದ್ದು ಹೋಗಲಿ, ಕೊಟ್ಟ ಮಾತು ಮುರಿದದ್ದೂ ಹೋಗಲಿ. ನಾನು ಬೆಳಿಗ್ಗೆ ಬೆಳಿಗ್ಗೆ ಕೈ ಮುಗಿಯುವುದನ್ನು ಬಾಗಿಲಲ್ಲಿ ನಿಂತು ನೋಡಿ, ಹುಷಾರು ಅಂತ ಕೈ ಬೀಸಿ ಕಳಿಸುತ್ತಿದ್ದರಲ್ಲ, ಅದನ್ನು ನುಂಗಿಕೊಳ್ಳಲು ಈಗಲೂ ಆಗುತ್ತಿಲ್ಲ.

ವೈರು ಹಾಕಿಸಿದ್ದಾಯಿತು. ಕೀ ತಿರುಗಿಸಿದರೆ ದೀಪ ಹತ್ತಿ ಆರುತ್ತದೆ, ಆರಿದ್ದು ಕಂಡ ಮೇಲೆಯೇ ನಾನು ಹೊರಡುವುದು. ಕಾರನ್ನು ಮತ್ತೆ ನಂಬಿದ್ದೇನೆ. ದೇವರ ಪಟ ಎಸೆಯುವಂತಿಲ್ಲವಲ್ಲ, ಆ ಸ್ಟಿಕ್ಕರನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿದೆ. ಯಜಮಾನರು ಪೂಜೆಗೆ ಕೂತಾಗ ಆ ಕಡೆ ನೋಡುವುದಿಲ್ಲ. ನಾನು ನೋಡುತ್ತೇನೆ. ಆದರೆ ಕೈ ಮುಗಿಯುವ ಮೊದಲು, ಅದರ ಅಂಚಿನಲ್ಲಿ ಹಳದಿ ಬೆಳಕೇನಾದರೂ ಕಾಣುತ್ತದೆಯೇ ಅಂತ.