ಗ್ಯಾರೇಜಿನಲ್ಲಿ ಕೈ ಎತ್ತಿದವಳು

ಕಳೆದ ವಾರ ಡಾಲಸ್‌ನ ನಮ್ಮ ಮನೆಯಲ್ಲಿ ಬಡಗಿಯೊಬ್ಬ ಕಪಾಟಿಗೆ ವಾರ್ನಿಶ್ ಬಳಿಯುತ್ತಿದ್ದ. ಆ ವಾಸನೆಗೆ ನನ್ನ ತೊಡೆಯ ಹಿಂಭಾಗ ಚುರ್ರೆಂದಿತು. ಹೊರಗೆ ಹೋಗಿ ಹುಲ್ಲಿನ ಮೇಲೆ ಕೂತುಬಿಟ್ಟೆ. ನೆನಪಾದವಳು ಕಾಲೇಜಿನ ನನ್ನ ರೂಮ್‌ಮೇಟ್…

ಆಸ್ಟಿನ್‌ನಲ್ಲಿ ಮೊದಲ ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳದು ಧಾರವಾಡದ ಕಡೆಯ ಮನೆತನ. ತಂದೆ ಹ್ಯೂಸ್ಟನ್‌ನ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನಲ್ಲಿ ಇಂಜಿನಿಯರ್. ಸೊರೋರಿಟಿ ಸೇರುವ ಹುಚ್ಚು ಮೊದಲು ಹತ್ತಿದ್ದು ಅವಳಿಗೆ. ಸೊರೋರಿಟಿ ಎಂದರೆ ಹುಡುಗಿಯರ ಸಂಘ. ಒಂದೊಂದಕ್ಕೂ ಕ್ಯಾಂಪಸ್ಸಿನ ಪಕ್ಕ ದೊಡ್ಡ ಮನೆ. ಸೇರಬಯಸುವವರು ವಾರವಿಡೀ ಮನೆಯಿಂದ ಮನೆಗೆ ಹೋಗಿ, ಕೆನ್ನೆ ನೋಯುವಷ್ಟು ನಗುತ್ತಾ ಮಾತಾಡಬೇಕು. ಪ್ರತಿ ಸುತ್ತಿನ ಕೊನೆಗೆ ಆ ಮನೆಯವರು ಬೇಡವಾದವರನ್ನು ಕೈಬಿಡುತ್ತಾರೆ. ನಾವೂ ನಮಗಿಷ್ಟವಾದ ಮನೆ ಯಾವುದು, ಆಮೇಲೆ ಯಾವುದು ಎಂದು ತಿಳಿಸುತ್ತೇವೆ. ಕೊನೆಗೆ ಕಂಪ್ಯೂಟರ್ ಎರಡೂ ಕಡೆಯ ಇಷ್ಟಗಳನ್ನು ಕೂಡಿಸುತ್ತದೆ, ಹೆಚ್ಚುಕಡಿಮೆ ಜಾತಕ ಕೂಡಿಸಿದ ಹಾಗೆ. ಹೀಗೆ ಬರುವ ಕರೆಗೆ ಬಿಡ್ ಎನ್ನುತ್ತಾರೆ.

ಬಿಡ್ ಕೊಡುವ ದಿನ ಮೈದಾನದಲ್ಲಿ ಎಲ್ಲರೂ ಒಟ್ಟಿಗೆ ಲಕೋಟೆ ಒಡೆದೆವು. ಇಬ್ಬರಿಗೂ ಒಂದೇ ಮನೆ! ಬಿಸಿಲಲ್ಲಿ ಕಿರುಚುತ್ತಾ ಆ ಮನೆಯತ್ತ ಓಡಿದೆವು. ಓಡುತ್ತಲೇ ಅವಳು ತಾಯಿಗೆ ಫೋನ್ ಮಾಡಿದಳು.

"ಅವ್ವಾ, ನನ್ನ ತಗೊಂಡ್ರು! ನಂಗ ಬೇಕಾಗಿದ್ದ ಮನೀನ ಸಿಕ್ತು!"

ಕೆಲವು ವಾರಗಳ ನಂತರ, ಒಂದು ಶನಿವಾರ ಮಧ್ಯಾಹ್ನ, ಸಂಘದ ಸೀನಿಯರ್‌ಗಳು ಹೊಸಬರನ್ನೆಲ್ಲ ‘ಪರೀಕ್ಷೆ’ಯ ಹೆಸರಲ್ಲಿ ಊರಾಚೆ ಟೇಲರ್ ದಾರಿಯ ಒಂದು ಬಾಡಿಗೆ ಮನೆಗೆ ಕರೆದೊಯ್ದರು. ಗ್ಯಾರೇಜಿಗೆ ನುಗ್ಗಿಸಿ ಬಾಗಿಲು ಇಳಿಸಿದರು. ಒಳಗೆ ಕುಲುಮೆಯ ಕಾವು. ಗೋಡೆಗೆ ಮುಖ ಮಾಡಿ ನಿಂತೆವು. ಹೊಸದಾಗಿ ವಾರ್ನಿಶ್ ಬಳಿದ ಮರದ ಹಲಗೆ ಹಿಡಿದ ಸೀನಿಯರ್ ಒಬ್ಬೊಬ್ಬರ ತೊಡೆಗೂ ಬೀಸಿ ಹೊಡೆಯುತ್ತಾ ಬಂದಳು. ನಾನು ನಾಲಿಗೆ ಕಚ್ಚಿಕೊಂಡು ರಕ್ತ ನುಂಗಿದೆ. ನನ್ನ ಪಕ್ಕದಲ್ಲಿದ್ದ ಉಬ್ಬಸದ ಹುಡುಗಿ ಉಸಿರು ಸಿಗದೆ ಕುಸಿದಳು.

"ನಾಟಕ ಸಾಕು, ಏಳು!" ಎಂದು ಸೀನಿಯರ್ ಅವಳ ಹೊಟ್ಟೆಗೆ ಒದ್ದಳು.

ಮತ್ತೆ ಕಾಲೆತ್ತಿದಾಗ ನನ್ನ ರೂಮ್‌ಮೇಟ್ ತಿರುಗಿದಳು. ಹಲಗೆ ಕಿತ್ತುಕೊಂಡು ಆ ಸೀನಿಯರ್ ದವಡೆಗೆ ಬಾರಿಸಿದಳು. ಎಲುಬು ಮುರಿದ ಸದ್ದು…

ಉಳಿದ ಸೀನಿಯರ್‌ಗಳು ಅವಳ ಮೇಲೆ ಬಿದ್ದರು. ಕೂದಲು ಹಿಡಿದೆಳೆದು ತಲೆಯನ್ನು ಸಿಮೆಂಟು ನೆಲಕ್ಕೆ ಅಪ್ಪಳಿಸಿದರು. ನಾನು ಒಬ್ಬಳ ತೋಳು ಕಚ್ಚಿದೆ.

"ಬಾಗಿಲಾ ತಗೀ!" ಎಂದು ರೂಮ್‌ಮೇಟ್ ನೆಲದಿಂದಲೇ ಕೂಗಿದಳು.

ಹೋಗಿ ಸ್ವಿಚ್ ಒತ್ತಿದೆ. ಬಾಗಿಲು ಮೇಲೇರಿತು. ಎದುರು ಮನೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದವರು ಮೆಷಿನ್ ಬಿಟ್ಟು ಓಡಿಬಂದರು, ಆಂಬುಲೆನ್ಸ್ ಕರೆಸಿದರು.

ಉಬ್ಬಸದ ಹುಡುಗಿ ಬದುಕಿದಳು. ಕೇಸು ಕೋರ್ಟಿಗೆ ಹೋಯಿತು, ಆ ಸಂಘ ಮುಚ್ಚಿಹೋಯಿತು. ನನ್ನ ರೂಮ್‌ಮೇಟ್ ಓದು ಬಿಟ್ಟು ಹ್ಯೂಸ್ಟನ್‌ಗೆ ಮರಳಿದಳು. ತಲೆಗೆ ಬಿದ್ದ ಪೆಟ್ಟಿನಿಂದ ಅವಳಿಗೆ ಫಿಟ್ಸ್ ಶುರುವಾಗಿತ್ತು. ಮರುವರ್ಷ ಅಂಥದ್ದೇ ಒಂದರಲ್ಲಿ ಹೋಗಿಬಿಟ್ಟಳು…

ಇಷ್ಟೆಲ್ಲ ಮತ್ತೆ ಕಣ್ಮುಂದೆ ಬಂದಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಹ್ಯೂಸ್ಟನ್‌ಗೆ ಡ್ರೈವ್ ಮಾಡಿದೆ. ಅವಳ ತಾಯಿ ನನಗೆ ರೊಟ್ಟಿ ಬಡಿಸುತ್ತಾ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದರು.

"ಕೋರ್ಟಿನ್ಯಾಗ ಅಂದ್ರಲ್ಲವಾ, ಆಕೀನೂ ಹೊಡದ್ಲಂತ. ಖರೇನೇನು?"

"ಹೌದು ಆಂಟಿ. ಜೋರಾಗಿ."

ಅವರು ಒಲೆ ಆರಿಸಿದರು. "ಛಲೋ ಮಾಡಿದ್ಲು," ಎಂದರು.

ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತು, ಮಗಳ ಹೆಸರು ಹಿಡಿದು ಕರೆಯುತ್ತಾ ಅತ್ತರು. ಆ ಹೆಸರು ನನ್ನ ಬಾಯಿಗೆ ಇನ್ನೂ ಬರುವುದಿಲ್ಲ.